ಕುರ್ಚಿಯ ನಾಲ್ಕನೇ ಮೂಲೆ

ವರ್ನೆಟ್ಟಾ ಟಾಲಿವರ್ ಬರೆದದ್ದು ಒಂದೇ ಸಾಲು. ಆ ಸಾಲಿನಿಂದ ಜೆರುಷಾ ಮುದುಕಿಗೆ ಉಳಿದಿದ್ದ ಒಂದೇ ಕಾಲಿಗೂ ಸಂಚಕಾರ ಬಂತು.

ಬೇಕಂತ ಬರೆದದ್ದಲ್ಲ, ಪಾಪ. ಇಪ್ಪತ್ತೆಂಟು ವರ್ಷದಿಂದ ಪರರ ಕಾಲು ತೊಳೆದು, ಕೀವು ಒರೆಸಿ, ಪಟ್ಟಿ ಕಟ್ಟಿಯೇ ಹೊಟ್ಟೆ ಹೊರೆದವಳು ವರ್ನೆಟ್ಟಾ. ಊರೂರು ತಿರುಗುವ ನರ್ಸು. ಎಲ್ಲಿ ನರ್ಸುಗಳು ಸಾಲದೋ ಅಲ್ಲಿಗೆ ಹದಿಮೂರು ವಾರದ ಕರಾರಿನ ಮೇಲೆ ಹೋಗುವುದು, ಮನೆಮನೆ ಸುತ್ತಿ ರೋಗಿಗಳನ್ನು ನೋಡುವುದು, ಕರಾರು ಮುಗಿದರೆ ಗಂಟುಮೂಟೆ ಕಟ್ಟುವುದು. ಈ ಸಲ ಅಮೆರಿಕದ ಅಲಬಾಮಾ ರಾಜ್ಯದ ಈ ಕೌಂಟಿ, ಅಂದರೆ ಜಿಲ್ಲೆ. ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಒಂದು ರೂಮು, ಒಂದು ಕರೆಂಟ್ ಒಲೆ, ಒಂದು ಬಾಣಲೆ. ಸೂಟ್‌ಕೇಸು ಕಾರಿನ ಡಿಕ್ಕಿಯಲ್ಲೇ ಇರುತ್ತಿತ್ತು. ‘ಬಿಚ್ಚಿದ್ರೆ ಮತ್ತೆ ಮಡಚಬೇಕಲ್ಲ, ಯಾವಳಿಗೆ ಬೇಕು’ ಅನ್ನುವಳು.

ದಿನಕ್ಕೆ ಆರು ಮನೆ. ಮಧ್ಯೆ ಕಾರಿನಲ್ಲೇ ಊಟ. ಊಟ ಅಂದರೆ ಎಡಗೈಯಲ್ಲಿ ಸ್ಟೀರಿಂಗು, ಬಲಗೈಯಲ್ಲಿ ಬ್ರೆಡ್ಡು.

ಮೊದಲ ಮನೆ ಹೊಯ್ಟ್ ಸ್ಟ್ರಿಬ್ಲಿಂಗ್ ಸಾಹೇಬರದು. ಬಿಳಿಯರು, ಹಳೇ ಜಮೀನ್ದಾರರು, ಹೆಬ್ಬೆರಳಿಗೆ ಹುಣ್ಣು. ಅವರ ಮಗಳು ಕರಿಯಳಾದ ವರ್ನೆಟ್ಟಾಗೆ ಮುಂಬಾಗಿಲು ತೆಗೆಯುವುದಿಲ್ಲ. ‘ಹಿಂದಿನಿಂದ ಬಾ, ಕಾರ್ಪೆಟ್ ಹೊಸದು’ ಅನ್ನುತ್ತಾಳೆ. ಎಂಟು ವಾರವಾದರೂ ಕಾರ್ಪೆಟ್ ಹೊಸದೇ. ವ್ಯಾಯಾಮ ಮಾಡಿಸಲು ಬರುವ ಬಿಳಿ ಹುಡುಗ ಬೂಟುಗಾಲಲ್ಲಿ ಮುಂಬಾಗಿಲಿನಿಂದಲೇ ಬರುತ್ತಾನೆ, ಅವನಿಗೆ ಮಾತ್ರ ಹಳೇದು. ವರ್ನೆಟ್ಟಾ ಕೂರುವ ಕುರ್ಚಿಯ ಮೇಲೆ ಆ ಮಗಳು ಮೊದಲು ನ್ಯೂಸ್‌ಪೇಪರ್ ಹಾಸುತ್ತಾಳೆ. ವರ್ನೆಟ್ಟಾ ತನ್ನ ಚೀಲ ಇಡುವ ಮುಂಚೆ ಮೇಜಿನ ಮೇಲೆ ತನ್ನದೊಂದು ಪೇಪರ್ ಹಾಸುತ್ತಾಳೆ. ಒಂದು ಮನೆಯ ಕ್ರಿಮಿ ಇನ್ನೊಂದು ಮನೆಗೆ ಹೋಗಬಾರದು ಅಂತ ಮನೆಗೆ ಹೋಗುವ ನರ್ಸುಗಳಿಗೆಲ್ಲ ಇರುವ ನಿಯಮ ಅದು.

‘ಇದೇನು, ನಮ್ಮ ಮೇಜು ಗಲೀಜಾ?’ ಅಂತ ಮಗಳು ಮೊದಲ ದಿನವೇ ಮುಖ ಊದಿಸಿದಳು.

‘ಅಯ್ಯೋ ಇಲ್ಲ ಮೇಡಂ. ನಿಮಗೊಂದು ಅಭ್ಯಾಸ, ನನಗೊಂದು ಅಭ್ಯಾಸ’ ಅಂದಳು ವರ್ನೆಟ್ಟಾ.

ಸಾಹೇಬರು ಅವಳನ್ನು ‘ಹುಡುಗಿ’ ಅಂತಲೇ ಕರೆಯುವುದು. ಐವತ್ತಮೂರು ವರ್ಷದ, ಇಬ್ಬರು ಮೊಮ್ಮಕ್ಕಳಿರುವ ಹುಡುಗಿ. ಅವಳು ನಗುತ್ತ ಬೆರಳು ತೊಳೆಯುತ್ತಾಳೆ. ಒಳಗೆ ಕುದಿಯುತ್ತಿರುತ್ತದೆ, ಕೈ ಮಾತ್ರ ಮೆತ್ತಗೆ. ಅದೂ ಒಂದು ದುಡಿಮೆಯೇ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯ ಮನೆ ಮಿಸ್ ಜೆರುಷಾ ಬ್ಯಾಂಕ್‌ಸ್ಟನ್‌ಳದು. ಎಪ್ಪತ್ತಾರು ವರ್ಷ. ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮಂಜಿನ ನೀರಲ್ಲಿ ನಿಂತು ದುಡಿದವಳು. ಸಕ್ಕರೆ ಕಾಯಿಲೆಗೆ ಬಲಗಾಲು ಮಂಡಿಯ ಮೇಲಿನವರೆಗೆ ಹೋಗಿದೆ. ಎಡಗಾಲಿನ ಹಿಮ್ಮಡಿಯಲ್ಲಿ ಈಗ ಹುಣ್ಣು. ವಾರಕ್ಕೆ ಮೂರು ಸಲ ಪಟ್ಟಿ ಬದಲಾಯಿಸಿದರೆ ಕಾಲು ಉಳಿಯುತ್ತದೆ, ತಪ್ಪಿದರೆ ಆರು ವಾರದಲ್ಲಿ ಅದೂ ಹೋಗುತ್ತದೆ. ಆ ಬೀದಿಯ ಕರಿಯರ ಮನೆಗಳಿಗೆ ಕೌಂಟಿಯವರು ಚರಂಡಿಯ ಪೈಪು ಹಾಕಿಲ್ಲ. ಮಳೆ ಬಂದರೆ ಕಕ್ಕಸಿನ ನೀರು ಅಂಗಳದಲ್ಲೇ ನಿಲ್ಲುತ್ತದೆ. ವರ್ನೆಟ್ಟಾ ಮೂಗು ಮುಚ್ಚಿ, ಇಟ್ಟಿಗೆಯಿಂದ ಇಟ್ಟಿಗೆಗೆ ಹಾರಿ ಮೆಟ್ಟಿಲು ಹತ್ತುತ್ತಾಳೆ. ಒಂಬತ್ತು ಮೆಟ್ಟಿಲು, ಹಿಡಿದುಕೊಳ್ಳುವ ಕಂಬಿ ಮುರಿದಿದೆ.

ಹದಿನೈದು ದಿನದ ಹಿಂದಿನ ಮಾತು. ಆ ದಿನ ಮುದುಕಿಯ ಮುಖ ಅರಳಿತ್ತು.

‘ಗೊತ್ತಾ ಮಗಳೇ, ಸೋಮವಾರ ಕೌಂಟಿ ಸಭೆಗೆ ಹೋಗಿದ್ದೆ! ಮೂರು ನಿಮಿಷ ಮಾತಾಡಿದೆ. ನನ್ನ ಅಂಗಳದಲ್ಲಿ ಹರಿಯೋದು ನಿಮ್ಮ ಮನೆ ಪಡಸಾಲೆಯಲ್ಲಿ ಹರಿದಿದ್ರೆ ಎಷ್ಟು ದಿನ ಸುಮ್ಮನೆ ಇರ್ತಿದ್ರಿ ಸ್ವಾಮಿ ಅಂತ ಕೇಳಿದೆ. ಆ ಅಧ್ಯಕ್ಷ ನೀರು ಕುಡಿದ. ಇನ್ನೊಂದು ಲೋಟ ಕುಡಿದ. ಆಮೇಲೆ ಗಡಿಯಾರ ನೋಡಿದ.’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ವರ್ನೆಟ್ಟಾ ಟ್ಯಾಬ್ಲೆಟ್‌ನಲ್ಲಿ ಅಂದಿನ ಟಿಪ್ಪಣಿ ಬರೆದಳು. ಹುಣ್ಣಿನ ಉದ್ದ, ಅಗಲ, ಆಳ. ಕೊನೆಗೆ, ಖುಷಿಗೆ, ಒಂದು ಸಾಲು: ‘ರೋಗಿ ಗೆಲುವಾಗಿದ್ದಾರೆ, ಸೋಮವಾರ ಕೌಂಟಿ ಸಭೆಗೆ ಹೋಗಿ ಮಾತಾಡಿ ಬಂದರು.’ ಹೇಗೆ ಹೋದರು ಅಂತ ಬರೆಯಲಿಲ್ಲ. ಆರನೇ ಮನೆ, ಹೊಟ್ಟೆ ಹಸಿದಿತ್ತು, ಕಣ್ಣು ಉರಿಯುತ್ತಿತ್ತು. ನರ್ಸುಗಳು ಮಾಡುವ ತಪ್ಪೇ ಇದು: ರೋಗಿಯ ಗೆಲುವು ಬರೆದು ರೋಗಿಯ ಪಡಿಪಾಟಲು ಬಿಡುವುದು.

ಮನೆಗೆ ನರ್ಸು ಬರಬೇಕಾದರೆ ಸರ್ಕಾರದ ನಿಯಮವೊಂದಿದೆ. ರೋಗಿ ಮನೆ ಬಿಟ್ಟು ಸುಲಭವಾಗಿ ಹೊರಡಲಾಗದವರಾಗಿರಬೇಕು. ಡಾಕ್ಟರ ಹತ್ತಿರ ಹೋಗಬಹುದು, ಚರ್ಚಿಗೆ ಹೋಗಬಹುದು, ಕೂದಲು ಕತ್ತರಿಸಿಕೊಂಡು ಬರಬಹುದು. ಮಿಕ್ಕಿದ ಕಡೆಗೆಲ್ಲ ಅಪರೂಪಕ್ಕೆ, ಅದೂ ಕಷ್ಟಪಟ್ಟುಕೊಂಡು. ನೀನು ಆರಾಮಾಗಿ ಓಡಾಡ್ತೀಯ ಅಂತ ಕಂಪನಿ ಬರೆದರೆ ನರ್ಸು ನಿಂತಳು.

ಗುರುವಾರ ಬೆಳಿಗ್ಗೆ ಕೆಂಡ್ರಾ ಲಟ್ರೆಲ್ ಫೋನು ಮಾಡಿದಳು. ವರ್ನೆಟ್ಟಾಗೆ ಕೆಲಸ ಕೊಟ್ಟ ಕಂಪನಿಯ ಮೇಲ್ವಿಚಾರಕಿ, ಮೂವತ್ತನಾಲ್ಕು ವರ್ಷದವಳು, ದನಿಯಲ್ಲಿ ಸಕ್ಕರೆ ಪಾಕ.

‘ವರ್ನೆಟ್ಟಾ ಡಿಯರ್, ಒಂದು ಸಣ್ಣ ಕೆಲಸ. ಮಿಸ್ ಜೆರುಷಾ ಹತ್ರ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ. ಶನಿವಾರಕ್ಕೆ ಅವರ ಸೇವೆ ಮುಗೀತು.’

‘ಮುಗೀತಾ? ಹುಣ್ಣು ಮುಗಿದಿಲ್ವಲ್ಲ!’

‘ಅವರು ಊರು ಸುತ್ತುತ್ತಾರಂತೆ. ಸಭೆಯಲ್ಲಿದ್ದವರೊಬ್ಬರು ನಮ್ಮ ಡೈರೆಕ್ಟರಿಗೆ ಬೇಕಾದವರು, ಕೇಳಿದ್ರು. ಟಿಪ್ಪಣಿ ತೆಗೆದು ನೋಡಿದ್ವಿ. ನೀವೇ ಬರೆದಿದ್ದೀರಲ್ಲ?’

ವರ್ನೆಟ್ಟಾ ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿದಳು.

‘ಹೊಯ್ಟ್ ಸಾಹೇಬರ ಬಗ್ಗೆಯೂ ನಾನೇ ಬರೆದಿದ್ದೀನಿ. ಅದೇ ವಾರ. ಶನಿವಾರ ಕಾಡಿಗೆ ಹೋಗಿ ಟರ್ಕಿ ಕೋಳಿ ಹೊಡೆದರು, ಬಹಳ ಸಂತೋಷದಲ್ಲಿದ್ದಾರೆ ಅಂತ. ಅದನ್ನ ಓದಿದ್ರಾ?’

‘ಅವರ ವಿಷಯ ಬೇರೆ ಡಿಯರ್. ಅದು ಅವರ ಮನಸ್ಸಿಗೆ ಒಳ್ಳೇದು.’

‘ಮಿಸ್ ಜೆರುಷಾಗೆ ಮನಸ್ಸಿಲ್ವಾ?’

‘ನೋಡಿ, ಇಲ್ಲಿಯ ನರ್ಸುಗಳನ್ನ ಕಳಿಸಿದ್ರೆ ಭಾನುವಾರ ಚರ್ಚಲ್ಲಿ ಆ ಜನಕ್ಕೆ ಮುಖ ತೋರಿಸಬೇಕು. ನೀವಾದ್ರೆ ಐದು ವಾರಕ್ಕೆ ಹೊರಟುಹೋಗ್ತೀರಿ. ಸಹಿ ಹಾಕಿಸಿ, ಬನ್ನಿ. ಓದಿ ಹೇಳೋದೆಲ್ಲ ಬೇಡ. ಯಾರೂ ಓದೋದಿಲ್ಲ.’

ಓಹೋ, ಇದಾ ವಿಷಯ! ವರ್ನೆಟ್ಟಾಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ತನ್ನನ್ನು ಊರೂರಿಗೆ ಕರೆಸಿಕೊಂಡದ್ದು ಕೈ ಚೆನ್ನಾಗಿದೆ ಅಂತ ಅಂದುಕೊಂಡಿದ್ದಳು. ಈಗ ಗೊತ್ತಾಯಿತು: ಕೊಲ್ಲುವ ಕೆಲಸಕ್ಕೆ ಪರಸ್ಥಳದವಳು, ಕರಿಯಳ ಕಾಲು ತೆಗೆಯಲು ಕರಿಯಳೇ ನರ್ಸು. ಮಾಡಿದ ಪಾಪ ಅವಳ ಕಾರಿನ ಡಿಕ್ಕಿಯಲ್ಲಿ ಊರಾಚೆ ಹೋಗುತ್ತದೆ, ಇಲ್ಲಿಯವರ ಕೈ ತೊಳೆದ ಹಾಗೇ ಇರುತ್ತದೆ.

ಮಧ್ಯಾಹ್ನ ಮಿಸ್ ಜೆರುಷಾಳ ಮನೆಗೆ ಹೋದಳು. ಮೊದಲು ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. ಕಾಗದ ತೆಗೆದಳು. ಓದಿದಳು. ಒಂದು ಪದ ಬಿಡದೆ ಓದಿದಳು.

ಮುದುಕಿ ಕೇಳಿಸಿಕೊಂಡಳು. ‘ನಾನು ಸಭೆಗೆ ಹೋಗಿದ್ದು ಇವರಿಗೆ ಹೇಗೆ ಗೊತ್ತಾಯ್ತು?’

‘ನಾನೇ ಬರೆದೆ ಅಮ್ಮಾ.’

ಮುದುಕಿ ಪಟ್ಟಿ ಕಟ್ಟಿದ ಕಾಲನ್ನೇ ನೋಡಿದಳು. ಫ್ಯಾನು ಕಿರ್ ಕಿರ್ ಅಂತ ತಿರುಗುತ್ತಿತ್ತು.

‘ಬರೆಯೋಳು ಪೂರ್ತಿ ಬರೀಬೇಕಿತ್ತು,’ ಅಂದಳು ಕೊನೆಗೆ. ‘ನಾಲ್ಕು ಜನ ನನ್ನ ಹೆಣದ ಹಾಗೆ ಹೊತ್ಕೊಂಡು ಇಳಿಸಿದ್ರು. ಎರಡು ದಿನ ಮೈ ಎತ್ತೋಕಾಗಲಿಲ್ಲ. ಅದೆಲ್ಲ ಬಿಟ್ಟು ನನ್ನ ನಗು ಒಂದನ್ನ ಬರೆದೆ.’

‘ನಂದೇ ತಪ್ಪು.’ ವರ್ನೆಟ್ಟಾಗೆ ಕಣ್ಣು ತುಂಬಿತು.

‘ಅಳಬೇಡ, ಈಗ ತಾನೇ ಕಟ್ಟಿದ ಪಟ್ಟಿ ಒದ್ದೆ ಮಾಡ್ತೀಯ. ನನಗೊಂದು ತಿಳಿಸಿ ಹೇಳು. ಬಾಯಿ ಬಿಟ್ರೆ ಕಾಲು ಹೋಗತ್ತೆ, ಕಾಲು ಬೇಕಂದ್ರೆ ಬಾಯಿ ಮುಚ್ಕೋಬೇಕು. ಇಷ್ಟೇ ತಾನೆ ಈ ಕಾಗದದಲ್ಲಿರೋದು?’

‘ಇಷ್ಟೇ.’

‘ಥೂ ಇವರ ಮುಖಕ್ಕೆ!’

‘ಇನ್ನೂ ಇದೆ ಅಮ್ಮಾ. ಇಲ್ನೋಡಿ, ಕೆಳಗೆ, ಇರುವೆ ಸಾಲಿನ ಹಾಗೆ ಸಣ್ಣಕ್ಷರ. ನಾಳೆ ಮಧ್ಯಾಹ್ನದೊಳಗೆ ಈ ನಂಬರಿಗೆ ಫೋನ್ ಮಾಡಿ, ನಾನು ಒಪ್ಪಲ್ಲ ಅಂದ್ರೆ ಕಂಪನಿಗೆ ಸೇರದ ಸರ್ಕಾರದ ಕಡೆಯವರು ವಿಚಾರಣೆ ಮಾಡಬೇಕು. ಇದನ್ನ ಓದಬೇಡ ಅಂತಲೇ ನನ್ನ ಕಳಿಸಿದ್ದು.’

‘ಮತ್ತೆ ಕೂತಿದ್ದೀಯಲ್ಲ! ಒತ್ತು ನಂಬರ್!’

ನಲವತ್ತು ನಿಮಿಷ ಕಾಯಿಸಿ ಫೋನಿನಲ್ಲಿ ಪಿಟೀಲು ಬಾರಿಸಿದರು. ಮುದುಕಿ ತಾಳ ಹಾಕುತ್ತ ಕೂತಿದ್ದಳು. ಆಮೇಲೆ ಒಬ್ಬಳು ಲೈನಿಗೆ ಬಂದು ಹೆಸರು, ಹುಟ್ಟಿದ ದಿನ ಎಲ್ಲ ಬರೆದುಕೊಂಡಳು. ಕಂಪನಿಯಿಂದ ದಾಖಲೆ ತರಿಸುತ್ತೇವೆ, ಅಲ್ಲಿಯವರೆಗೆ ಕಾಯಿರಿ ಅಂದಳು.

ವರ್ನೆಟ್ಟಾ ಆವತ್ತೇ ಟ್ಯಾಬ್ಲೆಟ್‌ನಲ್ಲಿ ಬಿಟ್ಟುಹೋದದ್ದನ್ನೆಲ್ಲ ಸೇರಿಸಿದಳು. ಒಂಬತ್ತು ಮೆಟ್ಟಿಲು, ನಾಲ್ಕು ಜನ, ಎರಡು ದಿನದ ನೋವು. ಕೆಂಡ್ರಾ ಒಪ್ಪಲಿಲ್ಲ. ಸಕ್ಕರೆ ಪಾಕ ಸ್ವಲ್ಪ ಸೀದಿತ್ತು.

‘ನೀವು ಕಣ್ಣಾರೆ ಕಂಡಿದ್ದೀರಾ? ಇಲ್ಲ. ಅವರು ಹೇಳಿದ್ದು. ಸೋಮವಾರ ನಾನೇ ಬಂದು ನೋಡ್ತೀನಿ. ನೀವೂ ಇರಿ.’

‘ಬನ್ನಿ ಬನ್ನಿ. ಹಳೇ ಬೂಟು ಹಾಕ್ಕೊಂಡು ಬನ್ನಿ,’ ಅಂದಳು ವರ್ನೆಟ್ಟಾ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಂಡ್ರಾ ಬಂದಳು. ಬೂಟು ಹೊಸದೇ. ಭಾನುವಾರವಿಡೀ ಮಳೆ ಸುರಿದಿತ್ತು, ಅಂಗಳ ತುಂಬ ನಾರುವ ನೀರು. ಇಟ್ಟಿಗೆ ಹುಡುಕುತ್ತ, ಮೂಗಿಗೆ ಕರ್ಚೀಫು ಹಿಡಿದು, ಹೇಗೋ ಮೇಲೆ ಹತ್ತಿ ಬಂದಳು. ನೋಡಿದರೆ ಮಿಸ್ ಜೆರುಷಾ ನೇರಳೆ ಉಡುಪು, ತಲೆಗೆ ಗರಿಯ ಹ್ಯಾಟು, ಕತ್ತಿಗೆ ಮುತ್ತಿನ ಸರ ಹಾಕಿ ಕೂತಿದ್ದಾಳೆ.

‘ಎಲ್ಲಿಗೆ ಹೊರಟಿರಿ ಮಿಸ್ ಜೆರುಷಾ?’

‘ಸಭೆಗೆ. ತಿಂಗಳಿಗೆ ಎರಡು ಸೋಮವಾರ ನಡೆಯತ್ತೆ. ಹೋದ ಸಲ ಮಾತು ಅರ್ಧಕ್ಕೆ ನಿಂತಿತ್ತು.’

ಕೆಂಡ್ರಾಳ ಮುಖ ಬೆಳಗಿತು. ‘ನೋಡಿದ್ರಾ ವರ್ನೆಟ್ಟಾ! ಮತ್ತೆ ಹೊರಟಿದ್ದಾರೆ! ಇನ್ನೇನು ಸಾಕ್ಷಿ ಬೇಕು?’ ಅಂತ ಟ್ಯಾಬ್ಲೆಟ್ ತೆಗೆದಳು.

‘ತಾಳು ಮಗಳೇ,’ ಅಂದಳು ಮುದುಕಿ. ‘ಹೊರಟಿದ್ದೀನಿ ಅಂದೆ. ಹೋದೆ ಅಂದ್ನಾ? ನೋಡಿಬಿಟ್ಟು ಬರಿ.’

ಅವಳ ಚರ್ಚಿನ ಹಿರಿಯ ಲೂಷಿಯಸ್ ತನ್ನ ಇಬ್ಬರು ತಮ್ಮಂದಿರ ಜೊತೆ ಬಂದ. ಅರವತ್ತು ದಾಟಿದ ಮೂರು ಗಂಡಸರು. ಗಾಲಿಕುರ್ಚಿ ಬಾಗಿಲಲ್ಲಿ ತೂರುವುದಿಲ್ಲ. ಅಡುಗೆಮನೆಯ ಮರದ ಕುರ್ಚಿಯಲ್ಲಿ ಮುದುಕಿಯನ್ನು ಕೂರಿಸಿ, ಸೊಂಟಕ್ಕೆ ಬೆಡ್‌ಶೀಟು ಸುತ್ತಿ ಕಟ್ಟಿದರು. ಕುರ್ಚಿಯ ಒಂದೊಂದು ಮೂಲೆಗೆ ಒಬ್ಬೊಬ್ಬರು ಹಿಡಿಯಬೇಕು. ವರ್ನೆಟ್ಟಾ ಹುಣ್ಣಿನ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಚೀಲದ ಬಾಯಿ ಬಿಗಿದು ಕಟ್ಟಿದಳು.

‘ನಾಲ್ಕನೇವನು, ಕ್ಲೀವನ್, ಎಲ್ಲಿ?’ ಅಂದಳು ಮುದುಕಿ.

‘ಮರದ ಮಿಲ್ಲಿನಲ್ಲಿ ರಜೆ ಕೊಡಲಿಲ್ಲವಂತೆ ಅಕ್ಕ,’ ಅಂದ ಲೂಷಿಯಸ್. ‘ಒಂದು ಮೂಲೆ ಖಾಲಿ.’

ಎಲ್ಲರೂ ಕೆಂಡ್ರಾಳ ಕಡೆ ನೋಡಿದರು.

‘ನಾನಾ? ಅಯ್ಯೋ, ನನಗೆ ಬೆನ್ನು ನೋವು. ಮತ್ತೆ ಕಂಪನಿ ನಿಯಮದಲ್ಲಿ ಇದಿಲ್ಲ.’

‘ನಿಮ್ಮ ಬೆನ್ನಿಗೆ ನಿಯಮ ಇದೆ,’ ಅಂದಳು ವರ್ನೆಟ್ಟಾ. ಕುರ್ಚಿಯ ಕಡೆ ಹೆಜ್ಜೆ ಹಾಕಿದಳು.

‘ವರ್ನೆಟ್ಟಾ!’ ಕೆಂಡ್ರಾಳ ದನಿಯಲ್ಲಿ ಈಗ ಪಾಕವಿರಲಿಲ್ಲ. ‘ಕೆಲಸದ ಹೊತ್ತಿನಲ್ಲಿ ರೋಗಿಯನ್ನ ಸಭೆಗೆ ಹೊತ್ಕೊಂಡು ಹೋಗೋ ಹಾಗಿಲ್ಲ. ಆ ಕುರ್ಚಿ ಮುಟ್ಟಿದ್ರೆ ನಿಮ್ಮ ಕರಾರು ಇವತ್ತೇ ರದ್ದು. ಇನ್ನೆಲ್ಲೂ ಕೆಲಸ ಸಿಗದ ಹಾಗೆ ಬರೀತೀನಿ.’

ವರ್ನೆಟ್ಟಾ ನಿಂತಳು. ಭಯವಾಯಿತು, ಸುಳ್ಳು ಯಾಕೆ ಹೇಳಬೇಕು. ಮಗಳ ಮನೆಯ ಬಾಡಿಗೆಗೆ ಅರ್ಧ ಇವಳೇ ಕಳಿಸುವುದು. ಹೊಯ್ಟ್ ಸಾಹೇಬರ ಹಿಂಬಾಗಿಲು ನೆನಪಾಯಿತು. ಕುರ್ಚಿಯ ಮೇಲಿನ ನ್ಯೂಸ್‌ಪೇಪರ್ ನೆನಪಾಯಿತು. ಇಪ್ಪತ್ತೆಂಟು ವರ್ಷ ‘ಸರಿ ಮೇಡಂ’ ಅಂದದ್ದೆಲ್ಲ ಗಂಟಲಿಗೆ ಬಂತು.

‘ಆಗಲ್ಲ,’ ಅಂದಳು.

‘ಏನು ಆಗಲ್ಲ?’

‘ನೀವು ಹೇಳಿದ್ದು ಆಗಲ್ಲ. ಸಹಿ ಹಾಕಿಸೋದೂ ಆಗಲ್ಲ, ಸುಳ್ಳು ಬರೆಯೋದೂ ಆಗಲ್ಲ, ನಿಂತು ನೋಡೋದೂ ಆಗಲ್ಲ.’

ಕೊರಳಿನ ಗುರುತಿನ ಚೀಟಿ ತೆಗೆದು ಕೆಂಡ್ರಾಳ ಟ್ಯಾಬ್ಲೆಟ್ ಮೇಲೆ ಇಟ್ಟಳು. ಬಗ್ಗಿದಳು. ನಾಲ್ಕನೇ ಮೂಲೆ ಹಿಡಿದಳು.

‘ಒಂದು, ಎರಡು, ಎತ್ತು!’ ಅಂದ ಲೂಷಿಯಸ್.

ಎತ್ತಿದರು. ಭಾರವೆಲ್ಲ ಸೊಂಟಕ್ಕೆ ಬಂದು ಕೂತಿತು. ಮೊದಲ ಮೆಟ್ಟಿಲು. ಕುರ್ಚಿ ವಾಲಿತು. ಮುದುಕಿ ಹಲ್ಲು ಕಚ್ಚಿದಳು, ಹಾ ಅನ್ನಲಿಲ್ಲ. ಎರಡನೇ ಮೆಟ್ಟಿಲು. ಕಿರಿಯ ತಮ್ಮನ ಮಂಡಿ ಲಟಕ್ ಅಂತು. ಮೂರನೆಯದರಲ್ಲಿ ನಿಂತರು. ವರ್ನೆಟ್ಟಾಳ ಬೆವರು ಕಣ್ಣಿಗೆ ಇಳಿಯಿತು. ಒರೆಸಲು ಕೈಯಿಲ್ಲ.

‘ಬರ್ಕೊಳ್ತಿದ್ದೀಯಾ ಮಗಳೇ?’ ಮುದುಕಿ ಮೇಲೆ ನಿಂತಿದ್ದ ಕೆಂಡ್ರಾಳನ್ನು ಕೂಗಿದಳು. ‘ಮೂರು ಮೆಟ್ಟಿಲಾಯ್ತು. ನಾಲ್ಕು ಜನರ ಉಸಿರು ಹೋಯ್ತು. ಊರು ಸುತ್ತೋ ಮುದುಕಿ ಇನ್ನೂ ಮನೆ ಮುಂದೇನೇ ಇದ್ದಾಳೆ.’

ತಮ್ಮಂದಿರಿಗೆ ನಗು ಬಂದು ಕುರ್ಚಿ ಅಲುಗಿತು. ‘ಅಕ್ಕಾ, ನಗಿಸಬೇಡ, ಬೀಳಿಸಿಬಿಡ್ತೀವಿ,’ ಅಂದ ಲೂಷಿಯಸ್.

ಆರನೇ ಮೆಟ್ಟಿಲಲ್ಲಿ ಹಿಮ್ಮಡಿ ಮುರಿದ ಕಂಬಿಗೆ ತಗುಲಿತು. ಮುದುಕಿ ಕೂಗಿಬಿಟ್ಟಳು. ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದಳು. ಹ್ಯಾಟು ಕಳಚಿ ಕೆಳಗೆ ಬಿತ್ತು, ನಾರುವ ನೀರಲ್ಲಿ ತೇಲಿತು. ಕೆಂಡ್ರಾ ಕಣ್ಣು ಮುಚ್ಚಿಕೊಂಡಳು.

‘ಕಣ್ಣು ಬಿಡಿ,’ ಅಂದಳು ವರ್ನೆಟ್ಟಾ. ‘ಕಣ್ಣಾರೆ ನೋಡಬೇಕು ಅಂತ ಬಂದವರು ನೀವು.’

ಅಂಗಳಕ್ಕೆ ಇಳಿದಾಗ ನೀರು ಕಾಲಿನ ಗಿಣ್ಣಿನವರೆಗೆ. ಬೂಟಿನೊಳಗೆ ನುಗ್ಗಿತು. ಲೂಷಿಯಸ್‌ನ ವ್ಯಾನು ರಸ್ತೆಯಲ್ಲಿ, ಅಡ್ಡಕ್ಕೆ ಕೆಂಡ್ರಾಳ ಕಾರು. ಕಾರು ತೆಗೆಯಲು ಅವಳೇ ಇಳಿದು ಬರಬೇಕಾಯಿತು. ಇಟ್ಟಿಗೆ ತಪ್ಪಿತು, ಹೊಸ ಬೂಟು ಕೆಸರಿನಲ್ಲಿ ಮುಳುಗಿತು. ಕೈ ಕೊಡಲು ಯಾರ ಕೈಯೂ ಖಾಲಿಯಿರಲಿಲ್ಲ. ಕುರ್ಚಿ ಹೊತ್ತವರು ಅವಳು ಕಾರು ತೆಗೆಯುವವರೆಗೂ ಆ ನೀರಲ್ಲಿ ನಿಂತಿದ್ದರು.

ವ್ಯಾನಿನಲ್ಲಿ ಕೂರಿಸುವ ಹೊತ್ತಿಗೆ ಇಪ್ಪತ್ತೇಳು ನಿಮಿಷವಾಗಿತ್ತು. ಮುದುಕಿಯ ತುಟಿ ಬಿಳಚಿತ್ತು. ಆದರೂ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

‘ಈಗ ಬರಿ ಮಗಳೇ. ಇವಳು ಸಲೀಸಾಗಿ ಓಡಾಡ್ತಾಳೆ ಅಂತ ಬರಿ. ನಾನು ನೋಡ್ತೀನಿ.’

ಕೆಂಡ್ರಾ ಬರೆಯಲಿಲ್ಲ. ಒಂದು ಕಾಲಲ್ಲಿ ಬೂಟಿತ್ತು, ಇನ್ನೊಂದು ಬೂಟು ಕೈಯಲ್ಲಿತ್ತು.

ಹತ್ತೂವರೆ ಹೊತ್ತಿಗೆ ವರ್ನೆಟ್ಟಾಳ ಫೋನಿಗೆ ಸಂದೇಶ ಬಂತು, ಕರಾರು ರದ್ದು ಅಂತ. ಅವಳು ಆಗ ಕೌಂಟಿ ಸಭೆಯ ಕೊನೆಯ ಬೆಂಚಿನಲ್ಲಿ ಕೂತಿದ್ದಳು, ಒದ್ದೆ ಕಾಲುಚೀಲ ಹಿಂಡುತ್ತ. ಬುಧವಾರ ವಿಚಾರಣೆಯವರು ಮಿಸ್ ಜೆರುಷಾಗೆ ನರ್ಸು ನಿಲ್ಲಿಸಕೂಡದು ಅಂದರು. ಕೆಂಡ್ರಾ ಅವರಿಗೆ ಏನು ಬರೆದು ಕಳಿಸಿದಳೋ, ವರ್ನೆಟ್ಟಾಗೆ ಗೊತ್ತಾಗಲಿಲ್ಲ. ತನ್ನ ಮೇಲೆ ಬರೆದದ್ದು ಮಾತ್ರ ಗೊತ್ತಾಯಿತು. ಎರಡು ಕಡೆ ಕೆಲಸ ತಪ್ಪಿತು. ಮೂರನೇ ಕಡೆ, ಆರ್ಕನ್ಸಾದಲ್ಲಿ, ಕಡಿಮೆ ಸಂಬಳಕ್ಕೆ ಸಿಕ್ಕಿತು.

ಅಲ್ಲಿ ಮೂರನೇ ವಾರ. ಒಂದು ಸೋಮವಾರ ಮಧ್ಯಾಹ್ನ, ಎಡಗೈಯಲ್ಲಿ ಸ್ಟೀರಿಂಗು, ಬಲಗೈಯಲ್ಲಿ ಬ್ರೆಡ್ಡು, ಫೋನು ಬಡಿದುಕೊಂಡಿತು.

‘ಯಾವ ಊರಲ್ಲಿದ್ದೀಯೇ, ಅಲೆಮಾರಿ?’

‘ಮಿಸ್ ಜೆರುಷಾ!’ ಕಾರು ಪಕ್ಕಕ್ಕೆ ನಿಂತಿತು. ‘ಹೊಸ ನರ್ಸು ಬಂದಳಾ? ಸರಿಯಾಗಿ ಕಟ್ತಾಳಾ?’

‘ಬರ್ತಾಳೆ. ಚಿಕ್ಕ ಹುಡುಗಿ, ಬಿಳಿ ಹುಡುಗಿ, ಪುಕ್ಕಲು. ಮೊದಲ ದಿನ ಕೈ ಗಡಗಡ. ನಾನೇ ಹೇಳಿಕೊಟ್ಟೆ, ಈಗ ಪರವಾಗಿಲ್ಲ. ಇವತ್ತು ಸಭೆಗೆ ಹೋಗಿದ್ದೆ. ಲೂಷಿಯಸ್‌ಗೆ ಸೊಂಟ ಹಿಡ್ಕೊಂಡಿದೆ, ಒಂದು ಮೂಲೆ ಖಾಲಿ. ಅವಳು ಸುಮ್ಮನೆ ನೋಡ್ತಾ ನಿಂತಿದ್ಲು. ಆಮೇಲೆ ಕಾರಿಗೆ ಹೋದ್ಲು. ಓಡಿಹೋದ್ಲು ಬಿಡು ಅಂದ್ಕೊಂಡೆ. ಕೊರಳಿನ ಚೀಟಿ ಕಾರಲ್ಲಿಟ್ಟು ವಾಪಸ್ ಬಂದು ಹಿಡಿದ್ಲು ಕಣೇ!’

ವರ್ನೆಟ್ಟಾ ಹೋ ಅಂತ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

‘ಕಾಲು ಹೇಗಿದೆ ಅಮ್ಮಾ?’

‘ಇದೆ,’ ಅಂದಳು ಮಿಸ್ ಜೆರುಷಾ. ‘ಬಾಯೂ ಇದೆ.’